ಕೈಯಲ್ಲಿ ಮೊಬೈಲ್, ಲೆಕ್ಕದಲ್ಲಿ ಕಂಪ್ಯೂಟರ್

ಸರ್ಕಾರಿ ಜಾಲತಾಣದ ಅಗಲವಾದ ಪುಟ ಮೊಬೈಲ್ ಪರದೆಗೆ ಹಿಡಿಸದಿದ್ದರೆ ಏನು ಮಾಡಬೇಕೆಂದು ದೊಡ್ಡಬಳ್ಳಾಪುರ, ಹೊಸಕೋಟೆ ಕಡೆ ಪಹಣಿ, ಇ.ಸಿ. ಹುಡುಕುವವರಿಗೆ ಚೆನ್ನಾಗಿ ಗೊತ್ತು. ಕ್ರೋಮ್‌ನ ಮೂಲೆಯ ಮೂರು ಚುಕ್ಕಿ ಒತ್ತಿ ‘ಡೆಸ್ಕ್‌ಟಾಪ್ ಸೈಟ್’ಗೆ ಟಿಕ್ ಹಾಕಿದರಾಯಿತು. ಆಗ ಪುಟವೇನೋ ಅಗಲವಾಗುತ್ತದೆ; ಆದರೆ ತಾಣಕ್ಕೆ ಯಾರು ಎಂಥ ಸಾಧನದಿಂದ ಬಂದರೆಂದು ಲೆಕ್ಕ ಇಡುವ ತಂತ್ರಾಂಶವೊಂದು ಹಿಂದೆ ಕೂತಿದ್ದರೆ ಅದು ಬರೆದುಕೊಳ್ಳುವುದು, ‘ಲಿನಕ್ಸ್ ಕಂಪ್ಯೂಟರ್’ ಎಂದು. ಬದುವಿನ ಮೇಲೆ ನಿಂತವರ ಕೈಯಲ್ಲಿರುವುದೋ ಆಂಡ್ರಾಯ್ಡ್ ಫೋನು.

ಈ ತಂತ್ರಾಂಶಗಳಿಗೆ ಕಣ್ಣಿಲ್ಲ. ಪುಟ ಬೇಕೆಂದು ಕೇಳುವಾಗಲೆಲ್ಲ ಬ್ರೌಸರ್ ತನ್ನ ಪರಿಚಯದ ಒಂದು ಸಾಲನ್ನೂ ಕಳಿಸುತ್ತದೆ. ಅದರ ಹೆಸರು ಯೂಸರ್ ಏಜೆಂಟ್. ನೆಲಮಂಗಲದ ಟೋಲ್‌ನಲ್ಲಿ ಫಾಸ್ಟ್ಯಾಗ್ ಓದಿದಂತೆ ಇದನ್ನು ಓದಿ ಆ ತಂತ್ರಾಂಶಗಳು ಸಾಧನಕ್ಕೆ ವರ್ಗ ಹಚ್ಚುತ್ತವೆ. ಚೀಟಿಯಲ್ಲಿ ಕಾರು ಎಂದಿದ್ದರೆ ಕಾರು. ಟೋಲ್‌ನಲ್ಲಾದರೆ ಲಾರಿಗೆ ಕಾರಿನ ಚೀಟಿ ಅಂಟಿಸಿದರೆ ಆಕ್ಸಲ್ ಎಣಿಸುವ ಸಂವೇದಕ ಹಿಡಿದುಹಾಕಬಹುದು. ಜಾಲದಲ್ಲಿ ಅಷ್ಟು ಗಟ್ಟಿಯಾದ ತಪಾಸಣೆ ಇಲ್ಲ.

ಆ ಸಾಲೇ ಹಳೆಯ ಸುಳ್ಳುಗಳ ಕಂತೆ. 1990ರ ದಶಕದ ನಡುವೆ ನೆಟ್‌ಸ್ಕೇಪ್ ಬ್ರೌಸರ್ ತನ್ನನ್ನು ‘ಮೊಜಿಲ್ಲಾ’ ಎಂದು ಹೇಳಿಕೊಳ್ಳುತ್ತಿತ್ತು. ಆ ಹೆಸರು ಕಂಡರಷ್ಟೇ ಕೆಲವು ತಾಣಗಳು ಚಂದದ ಪುಟ ಕೊಡುತ್ತಿದ್ದವು. ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ತಾನೂ ಮೊಜಿಲ್ಲಾ ಎಂದಿತು. ಮುಂದೆ ಸಫಾರಿ, ಮೊಜಿಲ್ಲಾ ಬಳಗದ ಎಂಜಿನ್‌ನ ಹೆಸರು ಹಿಡಿದು, ‘ಗೆಕ್ಕೋ ಥರ’ ಎಂದು ಸೇರಿಸಿತು, 2008ರಲ್ಲಿ ಬಂದ ಕ್ರೋಮ್ ತಾನು ಸಫಾರಿಯೂ ಹೌದೆಂದಿತು. ಇವತ್ತಿನ ಕ್ರೋಮ್‌ನ ಪರಿಚಯದಲ್ಲಿ ಮೊಜಿಲ್ಲಾ, ಗೆಕ್ಕೋ, ಸಫಾರಿ ಎಲ್ಲ ಹೆಸರೂ ಇವೆ.

ತಾಣದ ಭೇಟಿಗಳ ಲೆಕ್ಕ ಇಡುವ ಮಟೊಮೊದಂಥ ಮುಕ್ತ ತಂತ್ರಾಂಶ ಈ ಸಾಲಿನೊಳಗೆ ಪದಗಳ ಮಾದರಿಗಳನ್ನು ಹುಡುಕುತ್ತದೆ. ಅದರ ಸಾಧನಗಳ ಪಟ್ಟಿ ಯಾರು ಬೇಕಾದರೂ ನೋಡಬಹುದಾದದ್ದು: ಸ್ಮಾರ್ಟ್‌ಫೋನ್, ಟ್ಯಾಬ್ಲೆಟ್, ಕೀಪ್ಯಾಡ್ ಫೋನ್ ಮಾತ್ರವಲ್ಲ, ಟಿವಿ, ಕ್ಯಾಮೆರಾ, ಕಾರಿನೊಳಗಿನ ಬ್ರೌಸರ್‌ಗೂ ಅಲ್ಲಿ ಜಾಗವಿದೆ. ಆಂಡ್ರಾಯ್ಡ್ ಜೊತೆ ‘ಮೊಬೈಲ್’ ಪದ ಇದ್ದರೆ ಫೋನು, ಇಲ್ಲದಿದ್ದರೆ ಬಹುಪಾಲು ಟ್ಯಾಬ್ಲೆಟ್. ಯಾವುದನ್ನು ಮೊದಲು ಹುಡುಕಬೇಕು ಎಂಬುದೂ ಮುಖ್ಯ. 2017ರಲ್ಲಿ ಬಂದ ಜಿಯೋಫೋನ್ ಓಡುತ್ತಿದ್ದುದು ಕೈಓಎಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ, ಆದರೂ ಅದರ ಸಾಲಿನಲ್ಲಿ ಆಂಡ್ರಾಯ್ಡ್ ಎಂಬ ಪದವೂ ಇತ್ತು, ಫೈರ್‌ಫಾಕ್ಸ್ ಎಂಬುದೂ ಇತ್ತು. ಕೈಓಎಸ್ ಅನ್ನು ಮೊದಲು ಹುಡುಕದ ತಂತ್ರಾಂಶಕ್ಕೆ ಗುಂಡಿ ಒತ್ತುವ ಆ ಪುಟ್ಟ ಫೋನು ಆಂಡ್ರಾಯ್ಡ್ ಸ್ಮಾರ್ಟ್‌ಫೋನ್ ಆಗಿಬಿಡುತ್ತಿತ್ತು.

ದೊಡ್ಡ ಏಟು ಕೊಟ್ಟದ್ದು ಆಪಲ್. 2019ರ ಐಪ್ಯಾಡ್‌ಓಎಸ್ 13ರಿಂದ ಐಪ್ಯಾಡ್‌ನ ಸಫಾರಿ ತನ್ನನ್ನು ಮ್ಯಾಕ್ ಎಂದೇ ಪರಿಚಯಿಸಿಕೊಳ್ಳುತ್ತಿದೆ. ಆ ಸಾಲನ್ನಷ್ಟೇ ನಂಬಿದರೆ ಟ್ಯಾಬ್ಲೆಟ್‌ಗಳು ಕಂಪ್ಯೂಟರ್ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿ ಪುಟದೊಳಗಿನ ಜಾವಾಸ್ಕ್ರಿಪ್ಟ್ ಇನ್ನೊಂದು ಪ್ರಶ್ನೆ ಕೇಳುತ್ತದೆ: ಒಮ್ಮೆಗೆ ಎಷ್ಟು ಬೆರಳ ಸ್ಪರ್ಶ ಗುರುತಿಸಬಲ್ಲೆ? ಐಪ್ಯಾಡ್ 5 ಎನ್ನುತ್ತದೆ, ಮ್ಯಾಕ್ ಸೊನ್ನೆ ಎನ್ನುತ್ತದೆ. ವಿಂಡೋಸ್‌ನ ಟಚ್ ಲ್ಯಾಪ್‌ಟಾಪ್‌ಗಳೂ ಸ್ಪರ್ಶ ಇದೆ ಎನ್ನುವುದರಿಂದ ಈ ಸುಳಿವೊಂದನ್ನೇ ನೆಚ್ಚುವಂತಿಲ್ಲ; ಪರದೆಯ ಅಳತೆಯನ್ನೂ ಜೊತೆಗಿಟ್ಟು ನೋಡಬೇಕು.

ಗೂಗಲ್ 2023ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಂಡ್ರಾಯ್ಡ್ ಕ್ರೋಮ್‌ನ ಸಾಲಿನಲ್ಲಿ ಫೋನಿನ ಮಾದರಿ ಇದ್ದ ಜಾಗದಲ್ಲಿ ಈಗ ಬರೀ ‘ಕೆ’ ಅಕ್ಷರ, ಯಾವ ಆವೃತ್ತಿಯಿದ್ದರೂ ‘ಆಂಡ್ರಾಯ್ಡ್ 10’. ಮೊಬೈಲ್ ಹೌದೋ ಅಲ್ಲವೋ ಎಂಬುದನ್ನು ಬೇರೊಂದು ಸಾಲು ತಿಳಿಸುತ್ತದೆ. ಮಾದರಿ ಬೇಕಿದ್ದರೆ ತಾಣ ಬಾಯಿಬಿಟ್ಟು ಕೇಳಬೇಕು. ಲೆಕ್ಕ ಇಡುವವರು ಗೊಣಗಿದರು. ನನಗೆ ಇದು ಸರಿಯೆಂದೇ ತೋರುತ್ತದೆ. ಮಾದರಿ, ಆವೃತ್ತಿ, ಪರದೆಯ ಅಳತೆ ಒಟ್ಟಾದರೆ ಕುಕೀ ಇಲ್ಲದೆಯೂ ಒಬ್ಬ ವ್ಯಕ್ತಿಯ ಬೆನ್ನು ಹತ್ತಬಹುದು.

ಆಪಲ್ ಅಂತೂ ಮೊದಲಿನಿಂದಲೂ ಈ ವಿಷಯದಲ್ಲಿ ಬಿಗಿ. ದೇವನಹಳ್ಳಿಯ ಫಾಕ್ಸ್‌ಕಾನ್ ಕಾರ್ಖಾನೆ 2025ರಲ್ಲಿ ಐಫೋನ್ 17 ತಯಾರಿಕೆ ಶುರುಮಾಡಿತು. ಆ ಫೋನು ಯಾವುದೇ ತಾಣಕ್ಕೆ ಹೋದರೂ ‘ಐಫೋನ್’ ಎಂದಷ್ಟೇ ಹೇಳುತ್ತದೆ, 17 ಎನ್ನುವುದಿಲ್ಲ. ಪರದೆಯ ಅಳತೆಯಿಂದ ಊಹಿಸೋಣವೆಂದರೆ 17 ಮತ್ತು 17 ಪ್ರೊ ಎರಡಕ್ಕೂ 2622×1206 ಪಿಕ್ಸೆಲ್‌ಗಳೇ. ಆದ್ದರಿಂದ ತಾಣದ ಭೇಟಿಗಳ ವರದಿಯಲ್ಲಿ ಐಫೋನ್ ಮಾದರಿವಾರು ಶೇಕಡಾವಾರು ಕಂಡರೆ ಅದರಲ್ಲಿ ಊಹೆಯ ಪಾಲೆಷ್ಟು ಎಂದು ಕೇಳಿ. ‘ಲಿನಕ್ಸ್ ಡೆಸ್ಕ್‌ಟಾಪ್’ ಬಳಗ ನಿಮ್ಮೂರಿನಲ್ಲಿ ದಿಢೀರನೆ ಬೆಳೆದಿದ್ದರೆ ಮೊದಲು ಆ ಟಿಕ್ ಗುರುತನ್ನು ಅನುಮಾನಿಸಿ.