ಸೈಕಲ್ ಪ್ರವಾಸಿಯೂ ಸಣ್ಣ ಪಟ್ಟಣದ ವಹಿವಾಟೂ: ಚಳ್ಳಕೆರೆ–ಮೊಳಕಾಲ್ಮುರು ಹಾದಿಯ ಒಂದು ಲೆಕ್ಕ

ಹೆದ್ದಾರಿಗಳು ಅಗಲಗೊಂಡಂತೆ ಕಾರು, ಬಸ್ಸುಗಳ ಪ್ರಯಾಣಿಕರು ನಡುವಣ ಪಟ್ಟಣಗಳಲ್ಲಿ ಇಳಿಯುವುದು ಕಡಿಮೆಯಾಗುತ್ತದೆ. ದಾರಿಹೋಕರ ವ್ಯಾಪಾರವನ್ನೇ ನಂಬಿದ ಹೋಟೆಲು, ಅಂಗಡಿಗಳಿಗೆ ಇದು ನೇರ ನಷ್ಟ. ಈ ನಿಯಮಕ್ಕೆ ಹೊರತಾದ ಗ್ರಾಹಕನೆಂದರೆ ದೂರಪ್ರಯಾಣದ ಸೈಕಲ್ ಸವಾರ. ಆಗಾಗ್ಗೆ ನೀರು, ಆಹಾರ ಹಾಗೂ ಸಂಜೆಗೊಂದು ಹಾಸಿಗೆ ಆತನಿಗೆ ಅನಿವಾರ್ಯ. ಊರಿನಲ್ಲಿ ನಿಲ್ಲದೆ ಸಾಗುವುದು ಆತನಿಗೆ ಸಾಧ್ಯವಿಲ್ಲ.

ಹೊರಗಿನ ಅನುಭವ

ಅಮೆರಿಕದ ಪಿಟ್ಸ್‌ಬರ್ಗ್‌ನಿಂದ ಕಂಬರ್ಲೆಂಡ್‌ವರೆಗೆ, ಕೈಬಿಟ್ಟ ರೈಲುಮಾರ್ಗಗಳ ಮೇಲೆ ನಿರ್ಮಿಸಿದ ಸುಮಾರು 240 ಕಿ.ಮೀ. ಉದ್ದದ ‘ಗ್ರೇಟ್ ಅಲೆಘೇನಿ ಪ್ಯಾಸೇಜ್’ ಸೈಕಲ್ ಪಥವು 2013ರಲ್ಲಿ ಪೂರ್ಣಗೊಂಡಿತು. ಕಲ್ಲಿದ್ದಲು, ಉಕ್ಕಿನ ಉದ್ಯಮಗಳು ಕುಗ್ಗಿದ ಮೇಲೆ ಸೊರಗಿದ್ದ ಪಟ್ಟಣಗಳು ಈ ಪಥದ ಬದಿಯಲ್ಲಿವೆ. ಸಾವಿರಕ್ಕೂ ಕಡಿಮೆ ಜನವಸತಿಯ ಕಾನ್‌ಫ್ಲುಯೆನ್ಸ್‌ನಂತಹ ಊರಿನಲ್ಲಿಯೂ ತಂಗುಮನೆಗಳು, ಉಪಾಹಾರ ಗೃಹಗಳು ಸವಾರರಿಂದ ವ್ಯಾಪಾರ ಪಡೆಯುತ್ತಿವೆ. ಪಥದ ಜೊತೆಗೆ, ಬಂದವರನ್ನು ಊರೊಳಗೆ ಕರೆತರುವ ವರ್ತಕರ ಸಿದ್ಧತೆಯೂ ಇದಕ್ಕೆ ಕಾರಣ.

ನಮ್ಮ ಹಾದಿ

ಚಳ್ಳಕೆರೆ–ಮೊಳಕಾಲ್ಮುರು ನಡುವೆ ಅಂತಹ ಪ್ರತ್ಯೇಕ ಪಥವಿಲ್ಲ; ಇರುವುದು ಹಿರಿಯೂರಿನಿಂದ ಬಳ್ಳಾರಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎ ಮತ್ತು ಒಳರಸ್ತೆಗಳು. ಆದರೆ ದೂರದ ಲೆಕ್ಕ ಅನುಕೂಲಕರವಾಗಿದೆ. ಬೆಂಗಳೂರಿನಿಂದ ಚಳ್ಳಕೆರೆ ಸುಮಾರು 200 ಕಿ.ಮೀ. ‘ಬ್ರೆವೇ’ ಎಂಬ ದೂರಸವಾರಿಗಳಲ್ಲಿ ಮೊದಲ ಹಂತವೂ 200 ಕಿ.ಮೀ.; ಅದನ್ನು 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. ಅಂತಹ ಸವಾರಿಗಳಲ್ಲಿ ನಿಗದಿತ ಊರನ್ನು ತಲುಪಿದ್ದಕ್ಕೆ ದಿನಾಂಕ, ಸಮಯ ನಮೂದಾದ ಅಂಗಡಿಯ ಬಿಲ್ಲನ್ನು ಪುರಾವೆಯಾಗಿ ಇಟ್ಟುಕೊಳ್ಳುವ ರೂಢಿಯಿದೆ. ಅಂದರೆ ಸರಿಯಾದ ಬಿಲ್ಲು ಕೊಡುವ ಅಂಗಡಿಗೇ ಸವಾರ ಮೊದಲು ಬರುತ್ತಾನೆ. ಆತುರವಿಲ್ಲದ ಪ್ರವಾಸಿ ಇದೇ ದೂರವನ್ನು ಎರಡು ದಿನಗಳಲ್ಲಿ ಕ್ರಮಿಸಿ, ಮೂರನೆಯ ದಿನ ಮೊಳಕಾಲ್ಮುರು ಸುತ್ತಬಹುದು. ಬಿಸಿಲಿನ ಈ ಸೀಮೆಗೆ ನವೆಂಬರ್‌ನಿಂದ ಫೆಬ್ರವರಿಯೇ ಸೂಕ್ತ ಕಾಲ.

ನೋಡತಕ್ಕವೂ ಕೊಳ್ಳತಕ್ಕವೂ ಇಲ್ಲಿ ಕಡಿಮೆಯಿಲ್ಲ. ಚಳ್ಳಕೆರೆಯು ಶೇಂಗಾ ಎಣ್ಣೆಯ ಗಿರಣಿಗಳಿಂದ ‘ಎಣ್ಣೆ ನಗರಿ’ ಎನಿಸಿಕೊಂಡ ಊರು. ಕೈಮಗ್ಗದ ಕಂಬಳಿಗೂ ಹೆಸರಾದುದು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕನ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಮೊಳಕಾಲ್ಮುರು ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ.

ಸವಾರನ ಕೊಳ್ಳುವ ರೀತಿ

ಸೈಕಲ್ಲಿನಲ್ಲಿ ಭಾರ ಹೊರಲಾಗದು. ಆದ್ದರಿಂದ ಐದು ಕಿಲೋ ಎಣ್ಣೆ ಡಬ್ಬವಾಗಲಿ, ಕಂಬಳಿಯಾಗಲಿ ಆತನ ಕೈಗೆ ಮಾರಾಟವಾಗದು. ಶೇಂಗಾ ಉಂಡೆ, ಚಿಕ್ಕಿಗಳ ಸಣ್ಣ ಪೊಟ್ಟಣಗಳು ತಕ್ಷಣ ಹೋಗುತ್ತವೆ. ಸೀರೆ, ಕಂಬಳಿಗಳನ್ನು ಮಗ್ಗದ ಬಳಿಯೇ ತೋರಿಸಿ, ಹಣ ಪಡೆದು, ಅಂಚೆ ಅಥವಾ ಕೊರಿಯರ್ ಮೂಲಕ ಮನೆಗೆ ತಲುಪಿಸುವ ಏರ್ಪಾಡಿದ್ದರೆ ನೇಕಾರನಿಗೆ ಮಧ್ಯವರ್ತಿಯಿಲ್ಲದ ಬೆಲೆ ದೊರೆಯುತ್ತದೆ.

ವಸತಿಗೃಹಕ್ಕೆ ಬೇಕಾದ ಹೂಡಿಕೆ ದೊಡ್ಡದಲ್ಲ: ಸೈಕಲ್ ಇಡಲು ಬೀಗವಿರುವ ಕೋಣೆ, ಗಾಳಿ ಪಂಪು, ಪಂಕ್ಚರ್ ಸಾಮಗ್ರಿ, ಬಟ್ಟೆ ಒಗೆಯಲು ಸ್ಥಳ, ಬೆಳಗಿನ ಜಾವದ ಇಡ್ಲಿ. ಉದಾಹರಣೆಗೆ ಇದಕ್ಕೆ ರೂ. 20,000 ತಗಲಿತು, ಒಂದು ರಾತ್ರಿಯ ಬಾಡಿಗೆಯಲ್ಲಿ ಖರ್ಚು ಕಳೆದು ರೂ. 400 ಉಳಿಯಿತು ಎಂದಿಟ್ಟುಕೊಂಡರೆ, 50 ಬಾಡಿಗೆಗಳಲ್ಲಿ ಹೂಡಿಕೆ ಮರಳುತ್ತದೆ.

ತೆರಿಗೆಯ ಅಂಶಗಳು

ದಿನಕ್ಕೆ ರೂ. 7,500ರವರೆಗಿನ ಕೊಠಡಿ ಬಾಡಿಗೆಗೆ 2025ರ ಸೆಪ್ಟೆಂಬರ್ 22ರಿಂದ ಶೇ. 5 ಜಿಎಸ್‌ಟಿ ಅನ್ವಯಿಸುತ್ತದೆ. ಆದರೆ ಹೂಡುವಳಿ ತೆರಿಗೆ ಜಮೆ ದೊರೆಯದು. ಹೀಗಾಗಿ ಹಾಸಿಗೆ, ಪೀಠೋಪಕರಣಗಳ ಮೇಲೆ ತೆತ್ತ ತೆರಿಗೆಯನ್ನು ವೆಚ್ಚವೆಂದೇ ಪರಿಗಣಿಸಿ ಬಾಡಿಗೆ ನಿಗದಿಪಡಿಸಬೇಕು. ಸೇವೆ ಮಾತ್ರ ನೀಡುವವರ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರದಿದ್ದರೆ ಸಾಮಾನ್ಯವಾಗಿ ನೋಂದಣಿ ಅಗತ್ಯವಿಲ್ಲ. ಬೆಂಗಳೂರಿಗೆ ಕಳುಹಿಸುವ ಸೀರೆ ರಾಜ್ಯದೊಳಗಿನ ಮಾರಾಟ; ಹೈದರಾಬಾದಿಗೆ ಕಳುಹಿಸಿದರೆ ಅಂತರರಾಜ್ಯ ಸರಬರಾಜಾಗುತ್ತದೆ. ರಾಜಿ ತೆರಿಗೆ ಪದ್ಧತಿಯ ವರ್ತಕರು ಸರಕನ್ನು ಹೊರರಾಜ್ಯಕ್ಕೆ ಮಾರುವಂತಿಲ್ಲ. ನೋಂದಣಿಯಿಲ್ಲದವರು, ತಮ್ಮ ಸರಕಿಗೆ ಕರಕುಶಲ ವಸ್ತುಗಳ ವಿನಾಯಿತಿ ಅನ್ವಯಿಸುವುದೇ ಎಂದು ಮೊದಲೇ ಖಚಿತಪಡಿಸಿಕೊಳ್ಳುವುದು ಕ್ಷೇಮ. ವಿದೇಶಿ ಅತಿಥಿ ತಂಗಿದಲ್ಲಿ 24 ಗಂಟೆಗಳೊಳಗೆ ಸಂಬಂಧಿತ ಅಧಿಕಾರಿಗೆ ಮಾಹಿತಿ ಸಲ್ಲಿಸತಕ್ಕದ್ದು.

ಒಬ್ಬ ವರ್ತಕನ ಪ್ರಯತ್ನದಿಂದ ಮಾತ್ರ ಹಾದಿಗೆ ಹೆಸರು ಬಾರದು. ಎರಡೂ ಪಟ್ಟಣಗಳ ವರ್ತಕರು ಸೇರಿ ತಂಗುದಾಣ, ಊಟ, ಸೈಕಲ್ ರಿಪೇರಿ, ಆಸ್ಪತ್ರೆ, ನೇಕಾರರ ಮಗ್ಗ ಮತ್ತು ನೀರು ದೊರೆಯುವ ಸ್ಥಳಗಳ ಒಂದು ಪುಟದ ಪಟ್ಟಿಯನ್ನು ಸಿದ್ಧಪಡಿಸಿ, ಬೆಂಗಳೂರು, ಬಳ್ಳಾರಿಗಳ ಸೈಕಲ್ ಸಂಘಗಳಿಗೆ ತಲುಪಿಸುವುದು ಮೊದಲ ಹೆಜ್ಜೆಯಾಗಬಹುದು. ಒಂದು ಚಳಿಗಾಲದ ವಹಿವಾಟನ್ನು ಪ್ರತ್ಯೇಕವಾಗಿ ಲೆಕ್ಕವಿಟ್ಟು ನೋಡಿದ ನಂತರವೇ ಹೆಚ್ಚಿನ ಹೂಡಿಕೆಯನ್ನು ಯೋಚಿಸುವುದು ವಿವೇಕಯುತ.