ನನ್ನ ಕ್ಯಾಮೆರಾ ಬ್ಯಾಗ್ ದೊಡ್ಡದಾಗಿದ್ದು ಹೇಗೆ?

ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಸ್ವಲ್ಪ ತಿದ್ದಿ ಬರೆದಿದ್ದೇನೆ. ಆಫೀಸ್ ಕ್ಯಾಬ್‌ನಲ್ಲಿ ಕೂತು ವಿಡಿಯೋ ನೋಡೋಕೆ ಆಗದವರು ಓದಿಕೊಳ್ಳಬಹುದು.

ನಾನು ಧಾರವಾಡದವನು. ಎಂಟೆಕ್ ಮುಗಿಸಿ ಪುಣೆಗೆ ಬಂದು ಹತ್ತು ವರ್ಷದ ಮೇಲಾಯ್ತು. ಕೆಲಸ ಕೋಡಿಂಗು, ಹವ್ಯಾಸ ಫೋಟೋಗ್ರಫಿ. ಈಗ ನಮ್ಮ ಮನೆಯ ಕಪಾಟಿನಲ್ಲಿ ಎರಡು ಕ್ಯಾಮೆರಾ, ಐದು ಲೆನ್ಸ್, ಎರಡು ಟ್ರೈಪಾಡ್, ಮೂರು ಬ್ಯಾಗ್ ಇವೆ. ಇಷ್ಟೆಲ್ಲ ತಗೊಬೇಕು ಅಂತ ನಾನು ಯಾವತ್ತೂ ಕೂತು ಯೋಚನೆ ಮಾಡಿದವನಲ್ಲ. ಹಾಗಾದರೆ ಬಂದಿದ್ದು ಹೇಗೆ? ಒಂದೊಂದಾಗಿ ನೋಡೋಣ.

ಮೊದಲ ಕಾರಣ: ಬೆಳಕು

2013ರಲ್ಲಿ ಮೊದಲ ಬೋನಸ್ ಬಂದಾಗ ಕ್ಯಾನನ್‌ನ ಸಾದಾ ಡಿಎಸ್‌ಎಲ್‌ಆರ್ ತಗೊಂಡೆ. ಜೊತೆಗೆ 18-55 ಕಿಟ್ ಲೆನ್ಸ್. ಹಗಲಲ್ಲಿ ಫೋಟೋ ಚೆನ್ನಾಗೇ ಬರ್ತಿತ್ತು. ಸಂಜೆ ಮನೆಯೊಳಗೆ ತೆಗೆದರೆ ಎಲ್ಲಾ ಅಲುಗಾಡಿದ ಹಾಗೆ ಕಾಣ್ತಿತ್ತು.

ಇದಕ್ಕೆ ಕಾರಣ ಎಫ್-ನಂಬರ್. ಲೆನ್ಸಿನ ಫೋಕಲ್ ಲೆಂತ್ ಅನ್ನು ಅದರ ಕಿಂಡಿಯ ವ್ಯಾಸದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಅದು. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕಿಟ್ ಲೆನ್ಸನ್ನು 55ಕ್ಕೆ ಜೂಮ್ ಮಾಡಿದಾಗ ಅದು ಎಫ್/5.6. ಅದೇ 50 ಎಂಎಂ ಎಫ್/1.8 ಲೆನ್ಸ್ ಹಾಕಿದರೆ ಸುಮಾರು ಹತ್ತು ಪಟ್ಟು ಬೆಳಕು ಒಳಗೆ ಬರುತ್ತೆ. ಬೆಲೆಯೂ ಹತ್ತು ಸಾವಿರದೊಳಗಿತ್ತು. ಮರುವರ್ಷ ತಗೊಂಡೆ. ಇವತ್ತಿಗೂ ಹೇಳ್ತೀನಿ, ಈ ಖರೀದಿಯಲ್ಲಿ ತಪ್ಪೇನೂ ಇಲ್ಲ. ನನಗೊಂದು ತೊಂದರೆ ಇತ್ತು, ಅದು ಆ ತೊಂದರೆಗೆ ಸರಿಯಾದ ಪರಿಹಾರ ಆಗಿತ್ತು.

ಎರಡನೇ ಕಾರಣ: ದೂರ

ಪುಣೆಯಲ್ಲಿ ಇರೋರಿಗೆ ಭಿಗವಣ ಗೊತ್ತಿರುತ್ತೆ. ಸೋಲಾಪುರ ರಸ್ತೆಯಲ್ಲಿ ಸುಮಾರು ನೂರು ಕಿಲೋಮೀಟರ್, ಉಜನಿ ಅಣೆಕಟ್ಟಿನ ಹಿನ್ನೀರು. ಚಳಿಗಾಲದಲ್ಲಿ ರಾಜಹಂಸಗಳು ಬರ್ತವೆ. ಅಷ್ಟೊತ್ತಿಗೆ ನನ್ನ ಹತ್ರ 55-250 ಇತ್ತು. ಅದರಲ್ಲಿ ತೆಗೆದರೆ ಹಕ್ಕಿ ಅಕ್ಕಿಕಾಳಿನಷ್ಟು. ಪಕ್ಕದ ದೋಣಿಯವನ ಕೈಯಲ್ಲಿದ್ದ ಉದ್ದದ ಲೆನ್ಸ್ ನೋಡಿ ಹೊಟ್ಟೆ ಉರಿಯಿತು. 2017ರಲ್ಲಿ 150-600 ಬಂತು. ತೂಕ ಹತ್ತಿರ ಹತ್ತಿರ ಎರಡು ಕೆಜಿ.

ಇಲ್ಲಿಂದ ಆಟ ಬದಲಾಯ್ತು. ನಾವೆಲ್ಲ ಒಂದು ಪ್ಯಾಕೇಜ್ ಇನ್‌ಸ್ಟಾಲ್ ಮಾಡೋಕೆ ಹೋದರೆ ನಲವತ್ತು ಡಿಪೆಂಡೆನ್ಸಿ ಬಂದು ಕೂರ್ತವಲ್ಲ, ಹಾಗೇ. ಎರಡು ಕೆಜಿ ಲೆನ್ಸಿಗೆ ಹಳೇ ಟ್ರೈಪಾಡ್ ಸಾಲದು, ಗಟ್ಟಿಯದ್ದು ಬೇಕು. ಟ್ರೈಪಾಡ್ ತಂದ ಮೇಲೆ ಗೊತ್ತಾಯ್ತು, ದೋಣಿಯಲ್ಲಿ ಅದನ್ನು ನಿಲ್ಲಿಸೋಕೇ ಆಗಲ್ಲ! ಲೆನ್ಸ್ ಹಿಡಿಸೋ ಬ್ಯಾಗ್ ಬೇಕು. ಹಾರುವ ಹಕ್ಕಿಗೆ ಬರ್ಸ್ಟ್ ಹೊಡೆಯೋಕೆ ವೇಗದ ಕಾರ್ಡ್ ಬೇಕು. 24 ಮೆಗಾಪಿಕ್ಸೆಲ್‌ನ ಒಂದು ರಾ ಫೈಲ್ 25-30 ಎಂಬಿ. ಒಂದು ಬೆಳಗಿನಲ್ಲಿ ಸಾವಿರ ಸಲ ಕ್ಲಿಕ್ ಮಾಡಿದರೆ 25-30 ಜಿಬಿ. ಅದಕ್ಕೆ ಹಾರ್ಡ್ ಡಿಸ್ಕ್, ಆ ಡಿಸ್ಕ್ ಕೈಕೊಟ್ಟರೆ ಅಂತ ಇನ್ನೊಂದು. ಲೆನ್ಸಿನ ಬೆಲೆ ಮಾತ್ರ ಲೆಕ್ಕ ಹಾಕಿ ಹೋದವನು ನಾನು. ಬಾಲದ ಖರ್ಚು ಲೆಕ್ಕಕ್ಕೇ ಇರಲಿಲ್ಲ.

ಮೂರನೇ ಕಾರಣ: ಮೌಂಟ್

ಕ್ಯಾಮೆರಾಗೆ ಲೆನ್ಸ್ ಕೂರೋ ಜಾಗಕ್ಕೆ ಮೌಂಟ್ ಅಂತಾರೆ. ಒಂದು ಕಂಪನಿಯದ್ದು ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರಲ್ಲ. ನಿಕಾನ್ ಎಫ್ ಮೌಂಟ್ 1959ರದ್ದು, ಕ್ಯಾನನ್ ಇಎಫ್ ಮೌಂಟ್ 1987ರದ್ದು. ಮೂರು ಲೆನ್ಸ್ ಸೇರಿದ ಮೇಲೆ ನೀವು ಆ ಕಂಪನಿಯ ಖಾಯಂ ಗಿರಾಕಿ. ಹಳೇ ಕೋಡ್‌ಬೇಸ್ ಬಿಟ್ಟು ಬರೋಕೆ ಆಗಲ್ಲವಲ್ಲ, ಅದೇ ಕಥೆ.

2018ರಲ್ಲಿ ಎರಡೂ ಕಂಪನಿಗಳು ಮಿರರ್‌ಲೆಸ್‌ಗೆ ಅಂತ ಹೊಸ ಮೌಂಟ್ ತಂದವು. ಒಳಗೆ ಕನ್ನಡಿ ಇಲ್ಲದ್ದರಿಂದ ಲೆನ್ಸು ಸೆನ್ಸರಿಗೆ ಇನ್ನೂ ಹತ್ತಿರ ಕೂರಬಹುದು. ಕ್ಯಾನನ್ ಇಎಫ್‌ನಲ್ಲಿ ಮೌಂಟಿನಿಂದ ಸೆನ್ಸರಿಗೆ 44 ಎಂಎಂ, ಹೊಸ ಆರ್‌ಎಫ್‌ನಲ್ಲಿ 20 ಎಂಎಂ. ಹಳೇ ಲೆನ್ಸ್ ಹೊಸದಕ್ಕೆ ಹಾಕೋ ಅಡಾಪ್ಟರ್ ಅಂದರೆ ಮುಖ್ಯವಾಗಿ ಆ 24 ಎಂಎಂ ಅಂತರ ತುಂಬುವ ಉಂಗುರ. ಸಾದಾ ಅಡಾಪ್ಟರಿನಲ್ಲಿ ಗಾಜೇ ಇರಲ್ಲ, ಸಿಗ್ನಲ್ ದಾಟಿಸೋ ಸಂಪರ್ಕ ಮಾತ್ರ. ನಾನು 2022ರಲ್ಲಿ ಮಿರರ್‌ಲೆಸ್ ಬಾಡಿ, ಅಡಾಪ್ಟರ್, ಜೊತೆಗೊಂದು ಹೊಸ ಲೆನ್ಸ್, ಮೂರನ್ನೂ ತಗೊಂಡೆ. ಹಳೇ ಬಾಡಿ ಮಾರಲಿಲ್ಲ. "ಇರಲಿ, ಬ್ಯಾಕಪ್‌ಗೆ" ಅಂದುಕೊಂಡೆ. ಈ "ಇರಲಿ" ಅನ್ನೋ ಮಾತಿದೆಯಲ್ಲ, ಅರ್ಧ ಕಪಾಟು ತುಂಬಿದ್ದು ಅದರಿಂದಲೇ.

ಆ ವರ್ಷದ ಮಳೆಗಾಲದಲ್ಲಿ 55-250 ಚರ್ಮದ ಚೀಲದೊಳಗೇ ಕೂತಿತ್ತು. ದೀಪಾವಳಿಗೆ ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಗಾಜಿನ ಮೇಲೆ ಜೇಡರ ಬಲೆಯಂಥ ಎಳೆಗಳು. ಫಂಗಸ್. ಕತ್ತಲೆ, ತೇವ, ಗಾಳಿಯಾಡದ ಜಾಗ, ಈ ಮೂರೂ ಸಿಕ್ಕರೆ ಅದಕ್ಕೆ ಹಬ್ಬ. ಮುಂಬೈ, ಪುಣೆ, ಚೆನ್ನೈನಲ್ಲಿರೋರು ಲೆನ್ಸನ್ನು 40-50 ಶೇಕಡಾ ಆರ್ದ್ರತೆಯಲ್ಲಿ ಇಡಬೇಕು. ಡ್ರೈ ಕ್ಯಾಬಿನೆಟ್ ಇಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್, ಒಂದು ಚಿಕ್ಕ ಹೈಗ್ರೋಮೀಟರ್ ಸಾಕು. ಚರ್ಮದ ಚೀಲ ಬೇಡವೇ ಬೇಡ. ನಾನು ಲೆನ್ಸ್ ಹಾಳಾದ ಮೇಲೆ ಕ್ಯಾಬಿನೆಟ್ ತಂದೆ. ಸಾಮಾನು ಇನ್ನೊಂದು ಹೆಚ್ಚಾಯ್ತು.

ಅವ್ವನ ಫೋನು

ಹೋದ ವರ್ಷ ಅಪ್ಪನ ಷಷ್ಟ್ಯಬ್ದಿ. ತಿಂಗಳ ಮುಂಚೆ ಅವ್ವ ಫೋನ್ ಮಾಡಿದಳು. "ಪತ್ರಿಕಾ ಮಾಡಸಬೇಕಪಾ. ನಮ್ಮಿಬ್ಬರದೊಂದು ಚಲೋ ಫೋಟೋ ಕಳಸು. ನಿನ್ನ ಹತ್ರ ಬೇಕಾದಷ್ಟ ಇರ್ತಾವಲಾ."

ಆವತ್ತು ರಾತ್ರಿ ಹುಡುಕೋಕೆ ಕೂತೆ. ಎರಡು ಹಾರ್ಡ್ ಡಿಸ್ಕ್ ತುಂಬ ಫೋಟೋ. ರಾಜಹಂಸ ಇದೆ, ಕಬಿನಿಯ ಆನೆ ಇದೆ, ನಮ್ಮ ಬಾಲ್ಕನಿಗೆ ಬಂದ ಸೂರಕ್ಕಿಯದ್ದೇ ಮುನ್ನೂರು ಇವೆ. ಅಪ್ಪ ಅವ್ವ ಜೊತೆಗಿರೋ ಒಂದು ನೆಟ್ಟಗಿನ ಫೋಟೋ ಸಿಕ್ಕಿದ್ದು 2014ರದ್ದು. ಅಪ್ಪನ ಮೀಸೆ ಇನ್ನೂ ಕಪ್ಪಗಿತ್ತು. ಕೊನೆಗೆ ಪತ್ರಿಕೆಗೆ ಹೋಗಿದ್ದು ತಂಗಿ ಮೊಬೈಲ್‌ನಲ್ಲಿ ತೆಗೆದದ್ದು.

ನಿದ್ದೆ ಬರಲಿಲ್ಲ. ಪ್ರತಿ ಫೋಟೋ ಫೈಲಿನಲ್ಲೂ ತಾರೀಖು, ಲೆನ್ಸ್, ಫೋಕಲ್ ಲೆಂತ್ ಎಲ್ಲ ದಾಖಲಾಗಿರುತ್ತೆ, ಅದಕ್ಕೆ ಎಕ್ಸಿಫ್ ಅಂತಾರೆ. ಎಕ್ಸಿಫ್‌ಟೂಲ್ ಅನ್ನೋ ಉಚಿತ ತಂತ್ರಾಂಶದಲ್ಲಿ ಎಲ್ಲವನ್ನೂ ಹೊರತೆಗೆದು ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಬರೆದೆ. ಎರಡು ವಿಷಯ ಗೊತ್ತಾದವು. ಒಂದು, ನಾನೇ ಆರಿಸಿ ಪ್ರಿಂಟ್ ಹಾಕಿಸಿದ ಫೋಟೋಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆ ಹತ್ತು ಸಾವಿರದೊಳಗಿನ 50 ಎಂಎಂನವು. ಎರಡು, 2017ರ ನಂತರ ಧಾರವಾಡದ ಫೋಟೋಗಳು ಹೆಚ್ಚುಕಮ್ಮಿ ನಿಂತೇ ಹೋಗಿದ್ದವು. ಊರಿಗೆ ಹೋಗುವಾಗ ಅಷ್ಟು ಭಾರ ಯಾಕೆ ಅಂತ ಬ್ಯಾಗ್ ಬಿಟ್ಟು ಹೋಗ್ತಿದ್ದೆ. ಒಯ್ದರೂ ದಾಂಡೇಲಿಯ ಹಕ್ಕಿಗೆ ಅಂತ ದೊಡ್ಡ ಲೆನ್ಸ್ ಒಯ್ತಿದ್ದೆ. ಅದು ಫೋಕಸ್ ಆಗಬೇಕಾದರೆ ಎದುರಿನವರು ಹತ್ತಿರ ಹತ್ತಿರ ಮೂರು ಮೀಟರ್ ದೂರ ಇರಬೇಕು. ನಮ್ಮ ಮನೆ ಪಡಸಾಲೆಯಲ್ಲಿ ಅಷ್ಟು ದೂರ ಸರಿಯೋಕೆ ಜಾಗವೇ ಇಲ್ಲ.

ಈಗ ನಾನು ಪಾಲಿಸೋದು

ಹೊಸ ಲೆನ್ಸ್ ಬೇಕು ಅನ್ನಿಸಿದರೆ ಮೊದಲು ಎಕ್ಸಿಫ್ ನೋಡಿ. ಹಳೆಯದರ ಮಿತಿ ನಿಜವಾಗಿ ಎಷ್ಟು ಸಲ ತಟ್ಟಿದೆ ಅಂತ ಲೆಕ್ಕ ಸಿಗುತ್ತೆ. ಆಮೇಲೆ ಒಂದು ವಾರಾಂತ್ಯಕ್ಕೆ ಬಾಡಿಗೆಗೆ ತನ್ನಿ. ದೊಡ್ಡ ಊರುಗಳಲ್ಲೆಲ್ಲ ಸಿಗುತ್ತೆ. ವರ್ಷಕ್ಕೆ ಎರಡೇ ಸಲ ಬೇಕಾಗೋದನ್ನು ಕೊಳ್ಳಬೇಡಿ. ಕೊಂಡರೆ ಬಾಲದ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಸೆಕೆಂಡ್ ಹ್ಯಾಂಡ್ ಆದರೆ ಟಾರ್ಚ್ ಬಿಟ್ಟು ಫಂಗಸ್ ನೋಡದೆ ದುಡ್ಡು ಕೊಡಬೇಡಿ. ಒಂದು ಒಳಗೆ ಬಂದರೆ ಒಂದು ಹೊರಗೆ ಹೋಗಲಿ. ನಾನು ಹಳೇ ಬಾಡಿ, ಒಂದು ಟ್ರೈಪಾಡ್ ಎರಡನ್ನೂ ಮಾರಾಟಕ್ಕೆ ಇಟ್ಟಿದ್ದೇನೆ. 150-600 ಇಟ್ಟುಕೊಳ್ತೀನಿ, ಸುಳ್ಳು ಯಾಕೆ ಹೇಳಲಿ, ಹಕ್ಕಿ ಹುಚ್ಚು ಬಿಟ್ಟಿಲ್ಲ.

ಷಷ್ಟ್ಯಬ್ದಿಗೆ ಎರಡು ದಿನ ಮುಂಚೆಯೇ ಊರಿಗೆ ಹೋದೆ, ಬರೀ 50 ಎಂಎಂ ಹಿಡಿದು. ಬೆಳಿಗ್ಗೆ ಎಂಟರ ಹೊತ್ತಿಗೆ ಪಡಸಾಲೆಯ ಕಿಟಕಿ ಪಕ್ಕ ಇಬ್ಬರನ್ನೂ ಕೂರಿಸಿದೆ. ಎಫ್/1.8ರಲ್ಲಿ ಒಬ್ಬರ ಮುಖ ಸ್ಪಷ್ಟ, ಇನ್ನೊಬ್ಬರದ್ದು ಮಸುಕಾಗಬಹುದು. ಅದಕ್ಕೇ ಎಫ್/4 ಇಟ್ಟೆ. ಅಪ್ಪ ತಮ್ಮ ಕಾಲದ ಯಾಶಿಕಾ ನೆನೆಸಿಕೊಂಡು, "ನಮ್ಮ ರೋಲಿನ್ಯಾಗ 36 ಇರ್ತಿದ್ವು. ಮೊದಲ ಮನಿಮಂದಿದು, ಉಳದ್ರ ಗಿಡಾ ಮರಾ," ಅಂದರು. ಅವ್ವ ನಕ್ಕಳು. ಆಗ ಕ್ಲಿಕ್ ಮಾಡಿದೆ.

ಅದು ಈಗ ಅವರ ಪಡಸಾಲೆಯ ಗೋಡೆ ಮೇಲಿದೆ. ಈ ದೀಪಾವಳಿಗೆ ನೀವೂ ಊರಿಗೆ ಹೋಗ್ತೀರಲ್ಲ, ಒಂದೇ ಲೆನ್ಸ್ ಒಯ್ಯಿರಿ. ಹತ್ತಿರದಿಂದ ಫೋಕಸ್ ಆಗೋದು.