ಹಳೆಯ ಎಕ್ಸ್‌ಪಿಗೊಂದು ಹೊಸ ಡ್ರೈವ್

ಯೂನಿಕೋಡ್ ಬಳಕೆಗೆ ಬರುವ ಮುನ್ನ ಕನ್ನಡದ ಎಷ್ಟೋ ಪುಸ್ತಕ, ಸ್ಮರಣ ಸಂಚಿಕೆಗಳು ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿ, ನುಡಿ ಅಥವಾ ಶ್ರೀಲಿಪಿ ಫಾಂಟ್‌ಗಳಲ್ಲಿ ಸಿದ್ಧವಾದವು. ಪೇಜ್‌ಮೇಕರ್‌ನ ಕೊನೆಯ ಮುಖ್ಯ ಆವೃತ್ತಿ ಬಂದದ್ದು 2001ರಲ್ಲಿ. ಹೊಸ ಕಂಪ್ಯೂಟರಿನಲ್ಲಿ ಅದು ಸರಿಯಾಗಿ ಓಡುವ ಖಾತ್ರಿಯಿಲ್ಲ. ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರನ್ನು ಓಡಿಸುವ ವರ್ಚುವಲ್‌ಬಾಕ್ಸ್ ತಂತ್ರಾಂಶದ ಒಳಗೆ ವಿಂಡೋಸ್ ಎಕ್ಸ್‌ಪಿ ಹಾಕಿಕೊಂಡರೆ ಆ ತೊಡಕು ತೀರುತ್ತದೆ, ಆದರೆ ಒಳಗಿನ ಎಕ್ಸ್‌ಪಿಗೆ ಹೊರಗಿನ ಕಡತಗಳು ಕಾಣುವುದಿಲ್ಲ. ಹಾಗೆಂದು ಅದಕ್ಕೆ ನೆಟ್‌ವರ್ಕ್ ಕೊಡುವುದು ತಪ್ಪು. ಒಂದು ಶೇರ್ಡ್ ಫೋಲ್ಡರನ್ನು ಡ್ರೈವ್ ಆಗಿ ಜೋಡಿಸಿದರೆ ಸಾಕು.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೆ ಮುಗಿಯಿತು. ಕಡತ ಹಂಚಿಕೊಳ್ಳಲು ಅದಕ್ಕೆ ಗೊತ್ತಿರುವುದು ಎಸ್‌ಎಂಬಿ ಎಂಬ ನೆಟ್‌ವರ್ಕ್ ವಿಧಾನದ ಮೊದಲ ಆವೃತ್ತಿ ಮಾತ್ರ. 2017ರ ಮೇನಲ್ಲಿ ವನ್ನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದು ಅದರಲ್ಲಿದ್ದ ದೋಷದಿಂದಲೇ. ಶೇರ್ಡ್ ಫೋಲ್ಡರಿಗೆ ಇದಾವುದೂ ಬೇಡ. ಎಕ್ಸ್‌ಪಿಯೊಳಗೆ ವರ್ಚುವಲ್‌ಬಾಕ್ಸ್‌ನದೇ ಪೂರಕ ತಂತ್ರಾಂಶವಾದ ಗೆಸ್ಟ್ ಅಡಿಷನ್ಸ್ ಹಾಕಿ, ವರ್ಚುವಲ್‌ಬಾಕ್ಸ್ ಸೆಟ್ಟಿಂಗ್ಸ್‌ನಲ್ಲಿ ಫೋಲ್ಡರ್ ಆರಿಸಿ, ಆಟೋ-ಮೌಂಟ್ ಗುರುತು ಮಾಡಿದರೆ ಮೈ ಕಂಪ್ಯೂಟರ್‌ನಲ್ಲಿ ಹೊಸ ಡ್ರೈವ್ ಮೂಡುತ್ತದೆ. ಅದರ ವಿಳಾಸ ನೆಟ್‌ವರ್ಕ್ ವಿಳಾಸದಂತೆ ಕಂಡರೂ ಕಡತ ಸಾಗುವುದು ವರ್ಚುವಲ್‌ಬಾಕ್ಸ್‌ನ ಸ್ವಂತ ಹಾದಿಯಲ್ಲಿ. ಹಾಗಾಗಿ ನೆಟ್‌ವರ್ಕ್ ಅಡಾಪ್ಟರನ್ನು ಪೂರ್ತಿ ಆಫ್ ಮಾಡಿಡಬಹುದು. ಡ್ರೈವ್ ಅಕ್ಷರವೇ ಯಾಕೆ, ವಿಳಾಸ ಸಾಲದೇ ಎಂದರೆ, ಹಳೆಯ ತಂತ್ರಾಂಶಗಳ ಲೆಕ್ಕವೆಲ್ಲ ಡ್ರೈವ್ ಅಕ್ಷರದ ಮೇಲೆಯೇ ನಿಂತಿದೆ. ಪುಟಕ್ಕೆ ಲಿಂಕ್ ಮಾಡಿದ ಚಿತ್ರ ಆಗ ಇ ಡ್ರೈವಿನಲ್ಲಿದ್ದರೆ ಪೇಜ್‌ಮೇಕರ್ ಈಗಲೂ ಅಲ್ಲೇ ಹುಡುಕುತ್ತದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್ ಯೂಸ್ ಆಜ್ಞೆ ಕೊಟ್ಟು ಅದೇ ಅಕ್ಷರ ಹಚ್ಚಿದರೆ, ಒಳಗಿನ ಫೋಲ್ಡರುಗಳ ಹೆಸರು ಮೊದಲಿನಂತೆಯೇ ಇದ್ದರೆ, ಚಿತ್ರಗಳು ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

ಇಷ್ಟೆಲ್ಲ ಯಾಕೆ, ಯೂನಿಕೋಡ್‌ಗೆ ಪರಿವರ್ತಿಸಿದರಾಯಿತಲ್ಲ ಎನ್ನುವವರಿದ್ದಾರೆ. ಪರಿವರ್ತನೆ ಆಗಲೇಬೇಕು. ಆದರೆ ಪರಿವರ್ತಕಗಳು ಪಠ್ಯವನ್ನು ಕೊಡುತ್ತವೆ, ಪುಟವಿನ್ಯಾಸವನ್ನಲ್ಲ. ಒತ್ತಕ್ಷರ, ಅರ್ಕಾವತ್ತು ತಪ್ಪಿದೆಯೇ ಎಂದು ತಾಳೆ ನೋಡಲು ಮೂಲ ಪುಟ ಕಣ್ಣೆದುರು ಇರಬೇಕು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು: ಹಳೆಯ ಸಿ.ಡಿ.ಯಿಂದ ಎಕ್ಸ್‌ಪಿಗೆ ವೈರಸ್ ಹತ್ತಿದರೆ ಅದು ಇದೇ ಡ್ರೈವ್ ಮೂಲಕ ಹೊರಗಿನ ಕಡತಗಳನ್ನೂ ಕೆಡಿಸಬಲ್ಲದು. ಮಾತು ನಿಜ. ಆದ್ದರಿಂದ ಇಡೀ ಡಿಸ್ಕನ್ನು ಎಂದೂ ಹಂಚಿಕೊಳ್ಳಬೇಡಿ. ಮೂಲ ಕಡತಗಳ ಫೋಲ್ಡರಿಗೆ ರೀಡ್-ಓನ್ಲಿ ಗುರುತು ಹಾಕಿ, ತಿದ್ದಿದ್ದನ್ನು ಉಳಿಸಲು ಬೇರೆಯೇ ಒಂದು ಖಾಲಿ ಫೋಲ್ಡರ್ ಕೊಡಿ.